ಐದು ಜನರ ಊಟಕ್ಕೆ ತಂಬುಳಿ ಮತ್ತು ಅಪ್ಪೆಹುಳಿ ಮಾಡುವ ಕ್ರಮ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ತಂಬುಳಿಯಿಲ್ಲದ ದಿನ ಅಪರೂಪ. ಬೇಸಿಗೆಯಲ್ಲಿ ಅದರ ಜೊತೆಗೆ ಹುಳಿ ಮಾವಿನಕಾಯಿಯ ತೆಳ್ಳನೆಯ ಅಪ್ಪೆಹುಳಿಯೂ ಸೇರಿತೆಂದರೆ ಉಳಿದ ಪದಾರ್ಥಗಳ ವಿಚಾರವನ್ನು ಯಾರೂ ಹೆಚ್ಚು ಕೇಳುವುದಿಲ್ಲ. ಎರಡನ್ನೂ ಸೇರಿಸಿ ಮಾಡಿದರೂ ಮುಕ್ಕಾಲು ಗಂಟೆಯ ಕೆಲಸ. ಆದರೂ ಕಾರವಾರ, ಅಂಕೋಲಾ ಕಡೆಯ ನನ್ನ ಗೆಳೆಯರು ನಮ್ಮಲ್ಲಿ ಉಂಡುಹೋಗಿ, ತಮ್ಮ ಮನೆಯಲ್ಲಿ ಮಾಡಿ ನೋಡಿ, ಆ ರುಚಿ ಬರಲಿಲ್ಲವೆಂದು ಫೋನಿನಲ್ಲಿ ದೂರುವುದುಂಟು. ಏನೇನು ಹಾಕಿದಿರಿ ಎಂದು ಕೇಳುತ್ತ ಹೋದರೆ ತಪ್ಪು ಪ್ರತಿ ಸಲವೂ ಒಂದೇ ಜಾತಿಯದಾಗಿರುತ್ತದೆ: ಕಾಯಿ ಹೆಚ್ಚಾಗಿರುತ್ತದೆ, ಇಲ್ಲವೇ ಸೊಪ್ಪು ಹೆಚ್ಚಾಗಿರುತ್ತದೆ, ಇಲ್ಲವೇ ಒಲೆಯ ಮೇಲೆ ಇರಬಾರದಷ್ಟು ಹೊತ್ತು ಇರುತ್ತದೆ. ಕಡಿಮೆ ಹಾಕಿ ಕೈ ಕಟ್ಟಿಕೊಂಡು ನಿಲ್ಲುವುದನ್ನು ಕಲಿತವರಿಗೆ ಈ ಎರಡು ಪದಾರ್ಥಗಳೂ ಒಲಿಯುತ್ತವೆ.

ತಂಬುಳಿಯೆಂದರೆ ಹೆಸರೇ ಹೇಳುವಂತೆ ತಂಪಾದ ಹುಳಿ. ಸೊಪ್ಪು, ಕಾಳು, ಬೇರು, ಕಾಯಿ, ಸಿಪ್ಪೆ ಇವುಗಳಲ್ಲಿ ಯಾವುದಾದರೂ ಒಂದನ್ನು ಸ್ವಲ್ಪ ತೆಂಗಿನಕಾಯಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಯಲ್ಲಿ ಕಲಸಿದರೆ ತಂಬುಳಿಯಾಯಿತು. ಮೊಸರುಬಜ್ಜಿಯಂತೆ ದಪ್ಪಗಿರಬಾರದು, ಬಿಸಿ ಅನ್ನದ ನಡುವೆ ಗುಳಿ ಮಾಡಿ ಹೊಯ್ದರೆ ಅದು ತಾನಾಗಿಯೇ ಅಗುಳುಗಳ ನಡುವೆ ಇಳಿದು ಹೋಗುವಷ್ಟು ತೆಳ್ಳಗಿರಬೇಕು. ಸೌಟಿನಿಂದ ಎತ್ತಿ ಬಿಟ್ಟಾಗ ನೂಲಿನಂತೆ ಹರಿಯುವ ಬದಲು ತುಂಡುತುಂಡಾಗಿ ಬಿದ್ದರೆ ಇನ್ನೊಂದು ಲೋಟ ಮಜ್ಜಿಗೆ ಬೇಕೆಂದು ತಿಳಿಯಬೇಕು.

ಮೊದಲ ಸಲ ಮಾಡುವವರು ಒಂದೆಲಗದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದನ್ನು ಹುರಿಯುವ ತಾಪತ್ರಯವಿಲ್ಲ. ಅಡಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ, ಬಾವಿಕಟ್ಟೆಯ ಬದಿಯಲ್ಲಿ, ನೀರು ನಿಲ್ಲುವ ಮೂಲೆಯಲ್ಲಿ ಇದು ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಪ್ರತಿ ತೊಟ್ಟಿಗೂ ಮೂತ್ರಪಿಂಡದ ಆಕಾರದ ಒಂದೇ ಎಲೆ ಇರುವುದರಿಂದ ಗುರುತಿಸುವುದು ಸುಲಭ. ಪೇಟೆಯಲ್ಲಿ ಇದನ್ನು ಬ್ರಾಹ್ಮಿಯೆಂದು ಕೇಳಿದರೆ ಕೆಲವೊಮ್ಮೆ ಬೇರೆಯೇ ಗಿಡ ಕೈಗೆ ಬರುತ್ತದೆ. ಸಣ್ಣ ಸಣ್ಣ ದಪ್ಪ ಎಲೆಗಳ ನೀರುಬ್ರಾಹ್ಮಿಗೂ, ಅಂದರೆ ಬಕೋಪಾ ಮೊನಿಯೇರಿಗೂ, ಅದೇ ಹೆಸರಿದೆ. ನಮಗೆ ಬೇಕಾದದ್ದು ಸೆಂಟೆಲ್ಲಾ ಏಷ್ಯಾಟಿಕಾ. ನೀರುಬ್ರಾಹ್ಮಿ ಬಾಯಿಗಿಡಲಾಗದಷ್ಟು ಕಹಿ, ಅದರ ತಂಬುಳಿ ಮಾಡಿ ಗೆಳೆಯರಿಗೆ ಬಡಿಸಿದರೆ ಅವರು ಮುಂದಿನ ಸಲ ಊಟ ಮುಗಿಸಿಕೊಂಡೇ ಬರುತ್ತಾರೆ.

ಐದು ಜನರಿಗೆ ಎರಡು ಹಿಡಿ ಒಂದೆಲಗ ಸಾಕು. ಎಳೆಯ ತೊಟ್ಟು ಇರಲಿ, ಬೇರು ಮತ್ತು ನಾರಾದ ಬಳ್ಳಿಯನ್ನು ತೆಗೆಯಬೇಕು. ನೆಲಕ್ಕೆ ಅಂಟಿ ಬೆಳೆಯುವ ಸೊಪ್ಪನ್ನು ಹಸಿಯಾಗಿಯೇ ತಿನ್ನುವುದರಿಂದ ತೊಳೆಯುವ ಕೆಲಸದಲ್ಲಿ ಆತುರ ಸಲ್ಲದು: ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪನ್ನು ಮುಳುಗಿಸಿ ಕೈಯಾಡಿಸಿ ಮೇಲಕ್ಕೆತ್ತಬೇಕು, ತಳದಲ್ಲಿ ಕುಳಿತ ಕೆಸರಿನ ನೀರನ್ನು ಚೆಲ್ಲಬೇಕು, ನೀರು ತಿಳಿಯಾಗುವವರೆಗೆ ಇದನ್ನೇ ಮಾಡಬೇಕು. ಸೊಪ್ಪಿರುವ ಪಾತ್ರೆಯನ್ನೇ ಬಗ್ಗಿಸಿ ನೀರು ಬಸಿದರೆ ತಳದ ಮಣ್ಣು ಮತ್ತೆ ಎಲೆಯ ಮೇಲೆಯೇ ಬಂದು ಕೂರುತ್ತದೆ.

ಇದಕ್ಕೆ ಅರ್ಧ ಬಟ್ಟಲು ಕಾಯಿತುರಿ, ಒಂದು ಚಮಚ ಜೀರಿಗೆ, ಎಂಟು ಹತ್ತು ಕಾಳುಮೆಣಸು, ಖಾರ ಬೇಕೆನ್ನುವವರಿಗೆ ಒಂದು ಹಸಿಮೆಣಸು. ನಮ್ಮ ಹಿತ್ತಲಿನಲ್ಲಿ ಸೂಜಿಮೆಣಸು ಇರುವುದರಿಂದ ನಾವು ಅದನ್ನೇ ಹಾಕುತ್ತೇವೆ, ಎರಡಕ್ಕಿಂತ ಹೆಚ್ಚಿಲ್ಲ. ಜೀರಿಗೆ ಮತ್ತು ಕಾಳುಮೆಣಸನ್ನು ಅರ್ಧ ಚಮಚ ತುಪ್ಪದಲ್ಲಿ ಘಮ ಬರುವವರೆಗೆ ಮಾತ್ರ ಬಿಸಿ ಮಾಡಿ, ಮೊದಲು ಅವನ್ನು ಕಾಯಿಯ ಜೊತೆ ರುಬ್ಬಿ, ಕಾಯಿ ಅರ್ಧ ನುಣ್ಣಗಾದ ಮೇಲೆ ಸೊಪ್ಪು ಸೇರಿಸಬೇಕು. ಒರಳಿನಲ್ಲಿ ರುಬ್ಬುವವರಿಗೆ ಈ ಕ್ರಮದ ಬಗ್ಗೆ ಹೇಳಬೇಕಾಗಿಲ್ಲ. ಮಿಕ್ಸರ್ ಬಳಸುವವರು ಮಾತ್ರ ನೆನಪಿಡಬೇಕಾದ ಸಂಗತಿಯೊಂದಿದೆ. ಮಿಕ್ಸರನ್ನು ಒಂದೇ ಸಮನೆ ತಿರುಗಿಸಿದರೆ ಜಾರಿನೊಳಗಿನ ಕಾಯಿ ಬಿಸಿಯಾಗಿ ಅದರ ಎಣ್ಣೆ ಬೇರ್ಪಡುತ್ತದೆ, ಮಜ್ಜಿಗೆಗೆ ಹಾಕಿದಾಗ ಮೇಲೆ ಜಿಡ್ಡಿನ ಸಣ್ಣ ಗುಂಡುಗಳು ತೇಲುತ್ತವೆ, ಸೊಪ್ಪಿನ ಹಸಿರೂ ಮಂಕಾಗುತ್ತದೆ. ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಜಾರಿನ ಹೊರಮೈ ಮುಟ್ಟಿ ನೋಡಬೇಕು. ಬೆಚ್ಚಗಾಗಿದ್ದರೆ ಎರಡು ನಿಮಿಷ ಬಿಡಬೇಕು.

ರುಬ್ಬಿದ್ದನ್ನು ಹಾಗೆಯೇ ಮುಚ್ಚಿಡಿ, ಮಜ್ಜಿಗೆ ಸೇರಿಸಬೇಡಿ. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಒಂದು ಮೇ ತಿಂಗಳಿನಲ್ಲಿ ಕಾರವಾರದಿಂದ ನಾಲ್ವರು ಗೆಳೆಯರು ಬರುವವರಿದ್ದಾಗ, ಅವರು ಬಂದ ಮೇಲೆ ಅಡುಗೆಮನೆಯಲ್ಲಿ ಕಾಲ ಕಳೆಯಬಾರದೆಂಬ ಜಾಣತನದಿಂದ ನಾನು ಬೆಳಿಗ್ಗೆ ಹತ್ತಕ್ಕೇ ತಂಬುಳಿಯನ್ನು ಕಲಸಿ, ಉಪ್ಪು ಹಾಕಿ, ಒಗ್ಗರಣೆಯನ್ನೂ ಕೊಟ್ಟು ಇಟ್ಟಿದ್ದೆ. ದೇವಿಮನೆ ಘಟ್ಟ ಹತ್ತಿ ಅವರು ಮನೆ ತಲುಪುವಾಗ ಎರಡು ಗಂಟೆ. ಸೆಕೆಗೆ ಮಜ್ಜಿಗೆ ಇನ್ನಷ್ಟು ಹುಳಿಯಾಗಿ, ಕಾಯಿಯೂ ಹಳಸಲು ಮುಖಮಾಡಿ, ಸೊಪ್ಪಿನ ಬಣ್ಣ ಹಳೆಯ ಎಳ್ಳಿನ ಹಿಂಡಿಯಂತಾಗಿತ್ತು. ಆಯಿ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ, ಏನೂ ಹೇಳದೆ, ಪಾತ್ರೆಯನ್ನು ಎತ್ತಿ ಹಿತ್ತಲಿಗೆ ಒಯ್ದಳು. ಐದು ನಿಮಿಷದಲ್ಲಿ ಶುಂಠಿ ತಂಬುಳಿ ಮಾಡಿದ್ದೂ ಅವಳೇ. ಅಂದಿನಿಂದ ರುಬ್ಬಿದ್ದು ಒಂದು ಪಾತ್ರೆ, ಮಜ್ಜಿಗೆ ಇನ್ನೊಂದು ಪಾತ್ರೆ. ಕೈಕಾಲು ತೊಳೆಯಲು ಗೆಳೆಯರು ಬಚ್ಚಲಿಗೆ ಹೋದ ಮೇಲಷ್ಟೇ ಅವೆರಡೂ ಸೇರುತ್ತವೆ.

ಮಜ್ಜಿಗೆಯ ಆಯ್ಕೆಯೂ ಮುಖ್ಯ. ಹಿಂದಿನ ರಾತ್ರಿ ಹೆಪ್ಪು ಹಾಕಿದ ಮೊಸರನ್ನು ಬೆಳಿಗ್ಗೆ ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಎಲ್ಲಕ್ಕಿಂತ ಉತ್ತಮ. ಅದಿಲ್ಲದವರು ಒಂದು ಬಟ್ಟಲು ಮೊಸರಿಗೆ ಎರಡು ಬಟ್ಟಲು ನೀರು ಬೆರೆಸಿ ಚೆನ್ನಾಗಿ ಕಡೆದುಕೊಳ್ಳಬಹುದು. ಮೂರು ಬಟ್ಟಲು ಮಜ್ಜಿಗೆ ಐದು ಜನರಿಗೆ ಹಿಡಿಯುತ್ತದೆ. ಹುಳಿ ಮಿತವಾಗಿರಬೇಕು, ಮೂರು ದಿನದ ಹುಳಿ ಮಜ್ಜಿಗೆಯಲ್ಲಿ ಒಂದೆಲಗದ ಪರಿಮಳವೇ ಕಳೆದುಹೋಗುತ್ತದೆ, ಅದನ್ನು ಮಜ್ಜಿಗೆಹುಳಿಗೆ ಇಟ್ಟುಕೊಳ್ಳಿ. ಒಗ್ಗರಣೆಗೆ ಒಂದು ಚಮಚ ತುಪ್ಪ, ಅರ್ಧ ಚಮಚ ಸಾಸಿವೆ, ಮುರಿದ ಒಂದು ಒಣಮೆಣಸು. ಹಸಿ ಒಂದೆಲಗದ ತಂಬುಳಿಗೆ ಇಂಗು ಬೇಡವೆನ್ನುವುದು ನನ್ನ ಅಭಿಪ್ರಾಯ; ನಮ್ಮ ಮನೆಯಲ್ಲೇ ಅದನ್ನು ಒಪ್ಪದವರಿದ್ದಾರೆ.

ಮಳೆಗಾಲದ ಚಳಿಯಲ್ಲಿ ತಣ್ಣನೆಯ ತಂಬುಳಿ ಬೇಡವೆನಿಸಿ ಅದನ್ನು ಒಲೆಗೆ ಇಡುವವರು ಬಹಳ. ಹುಳಿಯಾದ ಹಾಲಿನ ಪದಾರ್ಥಕ್ಕೆ ಕಾವು ತಗುಲಿದರೆ ಅದರಲ್ಲಿರುವ ಕೇಸೀನ್ ಎಂಬ ಪ್ರೋಟೀನು ಗಟ್ಟಿಯಾಗಿ ಕಣಕಣವಾಗುತ್ತದೆ, ನೀರು ಬೇರೆ ಆಗುತ್ತದೆ. ಒಮ್ಮೆ ಒಡೆದ ಮೇಲೆ ಎಷ್ಟು ಕಲಕಿದರೂ ಮತ್ತೆ ಕೂಡುವುದಿಲ್ಲ. ಬೆಚ್ಚಗೆ ಬೇಕಾದವರು ರುಬ್ಬಿದ ಮಿಶ್ರಣವನ್ನು ಮಾತ್ರ ಸ್ವಲ್ಪ ಬಿಸಿನೀರಿನಲ್ಲಿ ಕದಡಿ, ಒಲೆಗಿಡದೆ ಹೊರಗಿಟ್ಟಿದ್ದ ಮಜ್ಜಿಗೆಯನ್ನು ಆಮೇಲೆ ಸೇರಿಸಲಿ. ಅನ್ನ ಬಿಸಿಯಿದ್ದರೆ ಅದೂ ಬೇಕಾಗುವುದಿಲ್ಲ.

ಒಂದೆಲಗದ ಹದ ಕೈಗೆ ಬಂದ ಮೇಲೆ ಉಳಿದ ತಂಬುಳಿಗಳಿಗೆ ದಾರಿ ತೆರೆಯುತ್ತದೆ. ದೊಡ್ಡಪತ್ರೆಯ ಎಲೆ ದಪ್ಪ, ಘಾಟು ಜೋರು, ಆದ್ದರಿಂದ ಹತ್ತು ಹನ್ನೆರಡು ಎಲೆ ಸಾಕು ಮತ್ತು ಅದನ್ನು ತುಪ್ಪದಲ್ಲಿ ಬಾಡಿಸಲೇಬೇಕು. ಎಲೆ ನೀರು ಬಿಟ್ಟು, ಆ ನೀರು ಆರಿ, ಅಂಚು ಕಂದಾಗುವ ಹೊತ್ತಿಗೆ ಇಳಿಸಬೇಕು. ಬೇಲಿಯ ಸಾಲಿನಲ್ಲಿ ಬೆಳೆಯುವ ವಿಟಮಿನ್ ಸೊಪ್ಪು, ಅಂದರೆ ಚಕ್ರಮುನಿ, ಇದರ ವಿಷಯದಲ್ಲಿ ಎಚ್ಚರ ಅಗತ್ಯ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಕಾಣಿಸಿಕೊಂಡಿತ್ತು. ನಮ್ಮ ಹಿರಿಯರು ಇದನ್ನು ಹುರಿದು, ಅದೂ ಎಂದಾದರೊಮ್ಮೆ, ಒಂದು ಹಿಡಿಯಷ್ಟು ಮಾತ್ರ ಬಳಸುತ್ತ ಬಂದಿದ್ದಾರೆ. ಆ ಅಳತೆಯಲ್ಲಿಯೇ ಇರುವುದು ಕ್ಷೇಮ.

ಕುಡಿ ತಂಬುಳಿಯ ರುಚಿ ಬೇರೆಯದೇ. ಪೇರಲೆ, ನೆಲ್ಲಿ, ದಾಳಿಂಬೆ, ಕೇಪಳ ಹೀಗೆ ಕೈಗೆ ಸಿಕ್ಕ ನಾಲ್ಕಾರು ಗಿಡಗಳ ಎಳೆಯ ಕೆಂಪು ಚಿಗುರನ್ನು ತಲಾ ನಾಲ್ಕೈದರಂತೆ ಚಿವುಟಿ ತಂದು, ಜೀರಿಗೆ ಮತ್ತು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಹುರಿದು ರುಬ್ಬುತ್ತಾರೆ. ಚಿಗುರು ಒಗರಾಗಿರುವುದರಿಂದ ಹೊಟ್ಟೆ ಕೆಟ್ಟಾಗ ಈ ತಂಬುಳಿಯನ್ನೇ ಮಾಡುವುದು ವಾಡಿಕೆ. ಗುರುತು ಗೊತ್ತಿಲ್ಲದ ಗಿಡದ ಕುಡಿಯನ್ನು ಮಾತ್ರ ಚಿವುಟಬೇಡಿ.

ಹಿತ್ತಲಿಲ್ಲದ ಬಾಡಿಗೆ ಮನೆಯಲ್ಲಿರುವವರಿಗೆ ಡಬ್ಬಿಯೊಳಗಿನ ತಂಬುಳಿಗಳಿವೆ. ಒಂದು ಚಮಚ ಮೆಂತೆಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಒಂದು ಒಣಮೆಣಸು ಮತ್ತು ಕಾಯಿಯೊಂದಿಗೆ ರುಬ್ಬಿದರೆ ಮೆಂತೆ ತಂಬುಳಿ. ಮೆಂತೆ ಕಪ್ಪಾದರೆ ಕಹಿ, ಹಸಿಯಾಗಿ ಉಳಿದರೂ ಕಹಿ, ಆದ್ದರಿಂದ ಬಾಣಲೆಯ ಮುಂದಿನಿಂದ ಕದಲಬಾರದು. ಒಂದು ಇಂಚು ಹಸಿ ಶುಂಠಿಗೆ ಹುರಿಯುವ ಅಗತ್ಯವೂ ಇಲ್ಲ. ಬೇಯಿಸಿ ಒಣಗಿಸಿಟ್ಟ ನೆಲ್ಲಿಕಾಯಿ, ನಮ್ಮ ಕಡೆ ನೆಲ್ಲಿಚಟ್ಟು ಎನ್ನುವುದು, ನಾಲ್ಕೈದು ಚೂರಿದ್ದರೆ ನೀರಿನಲ್ಲಿ ನೆನೆಸಿ ರುಬ್ಬಬಹುದು; ಅದಕ್ಕೆ ತನ್ನದೇ ಹುಳಿಯಿರುವುದರಿಂದ ಮಜ್ಜಿಗೆ ಸಿಹಿಯಾಗಿರಲಿ.

ಈಗ ಅಪ್ಪೆಹುಳಿ. ತಂಬುಳಿ ಅನ್ನಕ್ಕೆ, ಅಪ್ಪೆಹುಳಿ ಲೋಟಕ್ಕೆ. ಹೊಸಬರು ಇದನ್ನು ಸಾರೆಂದು ತಿಳಿದು ಅನ್ನಕ್ಕೆ ಸುರಿದುಕೊಂಡು, ಅನ್ನವೆಲ್ಲ ಈಜುವಂತಾದಾಗ ಪೆಚ್ಚಾಗುತ್ತಾರೆ. ಅನ್ನಕ್ಕೆ ಕಲಸಿ ಉಣ್ಣುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಅದರ ಸೊಗಸು ಊಟದ ನಡುನಡುವೆ ಒಂದೊಂದು ಗುಟುಕು ಸುರಿಯುವುದರಲ್ಲಿದೆ.

ಅಪ್ಪೆಯೆಂದರೆ ಘಟ್ಟದ ಹೊಳೆದಂಡೆಗಳಲ್ಲಿ ಬೆಳೆಯುವ, ಸೊನೆಗೆ ವಿಶೇಷ ಪರಿಮಳವಿರುವ ಹುಳಿ ಮಾವು. ಇದರ ಮಿಡಿ ಉಪ್ಪಿನಕಾಯಿಗೆ ಹೆಸರಾಗಿದ್ದು, ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ತದಡಿಯ ಬಳಿ ಸಮುದ್ರ ಸೇರುವ ಅಘನಾಶಿನಿಯ ಇಕ್ಕೆಲಗಳಲ್ಲಿ ಇಂಥ ಮರಗಳು ಇವೆ. ಒಂದು ಮರದ ಕಾಯಿಗೆ ಜೀರಿಗೆಯ ವಾಸನೆ, ಇನ್ನೊಂದರದ್ದಕ್ಕೆ ಕರ್ಪೂರದ ವಾಸನೆ. ಮಿಡಿಯಾಗಿ ಕೊಯ್ಯದೆ ಬಿಟ್ಟು, ಬಲಿತು, ಇನ್ನೂ ಹಣ್ಣಾಗದ ಕಾಯಿಯೇ ಅಪ್ಪೆಹುಳಿಗೆ ಬೇಕಾದದ್ದು. ಅದು ಸಿಗದಿದ್ದರೆ ಯಾವುದೇ ಕಾಡುಮಾವಿನ ಹುಳಿಕಾಯಿ ಆದೀತು. ಅಂಕೋಲೆಯ ಕರಿ ಇಶಾಡನ್ನು ಮಾತ್ರ ದಯವಿಟ್ಟು ಇದಕ್ಕೆ ಬೇಯಿಸಬೇಡಿ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಆ ಮಾವು ಹಣ್ಣಾದ ಮೇಲೆ ತಿನ್ನಲಿಕ್ಕೆಂದೇ ಇರುವಂಥದ್ದು. ಅಂಕೋಲೆಯ ನನ್ನ ಗೆಳೆಯ ಒಮ್ಮೆ ಅದರ ಕಾಯನ್ನೇ ಚೀಲದಲ್ಲಿ ತಂದು "ಇದರದ್ದೇ ಮಾಡಿ ನೋಡುವಾ ಮಾರಾಯ" ಎಂದಾಗ, ಅದನ್ನು ಹುಲ್ಲಿನಲ್ಲಿ ಮುಚ್ಚಿಟ್ಟು, ಅವನಿಗೆ ನಮ್ಮ ಬೇಲಿಯ ಮರದ ಕಾಯಿಯ ಅಪ್ಪೆಹುಳಿ ಕುಡಿಸಿ ಕಳುಹಿಸಿದೆವು. ಹಣ್ಣನ್ನು ವಾರದ ಮೇಲೆ ನಾವೇ ತಿಂದೆವೆಂಬುದನ್ನು ಅವನಿಗೆ ಇನ್ನೂ ಹೇಳಿಲ್ಲ.

ಮಧ್ಯಮ ಗಾತ್ರದ ಎರಡು ಹುಳಿಕಾಯಿಗಳನ್ನು ಸಿಪ್ಪೆ ಸಮೇತ, ಮುಳುಗುವಷ್ಟು ನೀರಿನಲ್ಲಿ ಬೇಯಿಸಬೇಕು. ಹಸಿರು ಸಿಪ್ಪೆ ಬಣ್ಣ ಬಿಟ್ಟು ಹಳದಿಗೆ ತಿರುಗಿ, ಒತ್ತಿದರೆ ಬೆರಳು ಒಳಗಿಳಿಯುವಂತಾದರೆ ಸಾಕು. ಸಿಪ್ಪೆ ಒಡೆದು ತಿರುಳು ನೀರಿಗೆ ಸೋರುವಷ್ಟು ಬೇಯಿಸಿದರೆ ಅಪ್ಪೆಹುಳಿ ಗಂಜಿಯಂತೆ ಮಂದವಾಗುತ್ತದೆ. ತಣಿದ ಮೇಲೆ ಕೈಯಲ್ಲೇ ಹಿಚುಕಿ, ಗೊರಟು ಮತ್ತು ಸಿಪ್ಪೆಯನ್ನು ಸ್ವಲ್ಪ ನೀರಿನಲ್ಲಿ ತಿಕ್ಕಿ ಅಂಟಿದ ತಿರುಳನ್ನೂ ಬಿಡಿಸಿಕೊಳ್ಳಬೇಕು. ಆ ರಸಕ್ಕೆ ಆರು ಲೋಟ ನೀರು. ಇಷ್ಟು ನೀರೇ ಎಂದು ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟು ನೀರು. ಲೋಟಕ್ಕೆ ಹೊಯ್ದರೆ ತಳ ಮಸುಕಾಗಿ ಕಾಣಬೇಕು. ಕಾಯಿ ತೀರಾ ಹುಳಿಯಿದ್ದರೆ ಇನ್ನೊಂದು ಲೋಟ ಸೇರಿಸಬಹುದು.

ಉಪ್ಪು ಇಲ್ಲಿ ತಂಬುಳಿಗಿಂತ ತುಸು ಮುಂದಿರಬೇಕು. ಗೋಕರ್ಣದ ಪಕ್ಕದಲ್ಲಿ, ಅಘನಾಶಿನಿಯ ಅಳಿವೆಯ ಬಳಿ ಇರುವ ಸಾಣಿಕಟ್ಟಾದ ಆಗರಗಳಿಂದ ಬರುವ ಹರಳುಪ್ಪು ನಮ್ಮ ಮನೆಯ ಭರಣಿಯಲ್ಲಿ ಎಂದೂ ಇರುತ್ತದೆ. ಮೇಲಿನ ನೀರಿನ ಮಾವಿಗೆ ಅದೇ ಹೊಳೆಯ ಕೊನೆಯ ಉಪ್ಪು ಸೇರುತ್ತದೆಂಬುದು ನನಗೆ ಹಿಡಿಸಿದ ಸಂಗತಿ, ರುಚಿಗೆ ಅದರಿಂದ ವ್ಯತ್ಯಾಸವಾಗುತ್ತದೆಂದು ವಾದಿಸಲಾರೆ. ಹರಳುಪ್ಪು ಹಾಕುವವರು ಮೊದಲೇ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಬೇಕು, ಇಲ್ಲವಾದರೆ ಕೊನೆಯ ಗುಟುಕಿಗೆ ಮರಳು ಸಿಗುತ್ತದೆ. ಅಡಕೆಯ ಗಾತ್ರದ ಬೆಲ್ಲ ಸಾಕು; ಅದರ ಸಿಹಿ ನಾಲಗೆಗೆ ತಿಳಿಯಬಾರದು, ಹುಳಿಯ ಮೊನೆ ಮಾತ್ರ ಮುರಿಯಬೇಕು. ಎರಡು ಹಸಿಮೆಣಸು ಅಥವಾ ನಾಲ್ಕು ಸೂಜಿಮೆಣಸನ್ನು ಉಪ್ಪಿನ ಜೊತೆ ಜಜ್ಜಿ ಹಾಕಬೇಕು, ರುಬ್ಬಬಾರದು.

ಅಪ್ಪೆಹುಳಿಯ ಜೀವ ಒಗ್ಗರಣೆಯಲ್ಲಿದೆ, ಕಡಿಮೆ ಹಾಕಬೇಕೆಂಬ ನನ್ನ ನಿಯಮ ಇಂಗಿನ ಮುಂದೆ ಸೋಲುವುದೂ ಇಲ್ಲಿಯೇ. ಒಗ್ಗರಣೆ ಸೌಟಿನಲ್ಲಿ ಎರಡು ಚಮಚ ತೆಂಗಿನೆಣ್ಣೆ ಕಾಯಿಸಿ, ಒಂದು ಚಮಚ ಸಾಸಿವೆ ಹಾಕಿ, ಅದು ಚಟಪಟ ಎನ್ನುವುದು ನಿಲ್ಲುತ್ತ ಬಂದಾಗ ಎರಡು ಒಣಮೆಣಸು ಮುರಿದು ಹಾಕಿ, ಅವು ಉಬ್ಬಿ ಗಾಢ ಬಣ್ಣಕ್ಕೆ ತಿರುಗಿದ ಕೂಡಲೇ ಉರಿ ಆರಿಸಿ ಕಡಲೆಕಾಳಿನ ಗಾತ್ರದ ಇಂಗನ್ನು ಪುಡಿ ಮಾಡಿ ಹಾಕಬೇಕು. ಉರಿಯಿರುವಾಗಲೇ ಇಂಗು ಹಾಕಿದರೆ ಸೀದು ಕಹಿಯಾಗುತ್ತದೆ. ಕೊನೆಗೆ ಒಂದು ಎಸಳು ಕರಿಬೇವು. ಇಡೀ ಸೌಟನ್ನೇ ಅಪ್ಪೆಹುಳಿಯ ಪಾತ್ರೆಯಲ್ಲಿ ಚುಂಯ್ ಎಂದು ಮುಳುಗಿಸಿ ತಟ್ಟನೆ ಮುಚ್ಚಳ ಮುಚ್ಚಬೇಕು. ಹತ್ತು ನಿಮಿಷದ ನಂತರ ತೆಗೆದಾಗ ಪರಿಮಳ ಜಗಲಿಯವರೆಗೆ ಹೋಗಿ ಮಾತನಾಡುತ್ತ ಕುಳಿತವರನ್ನು ಎಬ್ಬಿಸಿಕೊಂಡು ಬರುತ್ತದೆ. ಇದನ್ನು ಮತ್ತೆ ಕುದಿಸುವುದು ಬೇಡ. ಬೆಳ್ಳುಳ್ಳಿಯ ಒಗ್ಗರಣೆ ಕೊಡುವ ಮನೆಗಳೂ ಇವೆ, ಆದರೆ ಅಪ್ಪೆಯ ಸೊನೆಯ ವಾಸನೆಯನ್ನು ಅದು ನುಂಗುತ್ತದೆ.

ಮಾವಿನ ಕಾಲ ಮುಗಿದ ಮೇಲೆ ಉಪ್ಪುನೀರಿನ ಭರಣಿಯಲ್ಲಿಟ್ಟ ಕಾಯನ್ನು ಬಳಸಬಹುದು. ಅದನ್ನು ಅರ್ಧ ದಿನ ಸಾದಾ ನೀರಿನಲ್ಲಿ ಇಟ್ಟು, ನಡುವೆ ಒಮ್ಮೆ ನೀರು ಬದಲಿಸಿ, ಆಮೇಲೆ ಉಪ್ಪು ಸೇರಿಸದೆ ಮೊದಲು ರುಚಿ ನೋಡಬೇಕು. ಲಿಂಬೆ, ಕಂಚಿಕಾಯಿ, ಬಿಂಬುಳಿ ಇವುಗಳಿಂದಲೂ ಇದೇ ಕ್ರಮದಲ್ಲಿ ಮಾಡುತ್ತಾರೆ. ಕರಾವಳಿಯವರ ಮನೆಯಲ್ಲಿ ಒಣಗಿಸಿದ ಮುರುಗಲು ಸಿಪ್ಪೆ ಇದ್ದೇ ಇರುತ್ತದೆ. ಏಳೆಂಟು ಸಿಪ್ಪೆಯನ್ನು ನೆನೆಸಿ ಹಿಂಡಿದರೆ ಕೆಂಪು ಬಣ್ಣದ, ಸ್ವಲ್ಪ ಒಗರಿನ ಹುಳಿ ಸಿದ್ಧವಾಗುತ್ತದೆ, ಕಾರವಾರದ ಗೆಳೆಯರು ಇದನ್ನು ಮುರುಗಲು ಮತ್ತು ಕಾಯಿಹಾಲಿನಿಂದ ಮಾಡುವ ತಮ್ಮ ಸೋಲಕಡಿಯ ನೆಂಟನೆಂದು ಒಪ್ಪಿಕೊಂಡಿದ್ದಾರೆ.

ಬಡಿಸುವಾಗ ಮೊದಲ ಅನ್ನಕ್ಕೆ ತಂಬುಳಿ. ಹಸಿವು ಜೋರಾಗಿರುವಾಗ, ನಾಲಗೆ ಇನ್ನೂ ಖಾರ ಮುಟ್ಟದಿರುವಾಗ ಮಾತ್ರ ಸೊಪ್ಪಿನ ನವಿರಾದ ರುಚಿ ತಿಳಿಯುತ್ತದೆ. ಸಾಂಬಾರು ಉಂಡ ಮೇಲೆ ಬಡಿಸಿದ ತಂಬುಳಿ ಬರೀ ಮಜ್ಜಿಗೆಯಂತಿರುತ್ತದೆ. ಬೆಳ್ತಿಗೆ ಅನ್ನವಾದರೆ ಒಳ್ಳೆಯದು, ಕುಚಲಕ್ಕಿಯಾದರೆ ತಂಬುಳಿ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಬದಿಗೆ ಸುಟ್ಟ ಹಪ್ಪಳ, ಒಂದು ಪಲ್ಯ, ಈರುಳ್ಳಿ ತಿನ್ನುವ ಗೆಳೆಯರಿದ್ದರೆ ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದಂತೆ ಕಟ್ಟಿ ಮಾರುವ ಸಿಹಿ ಈರುಳ್ಳಿಯನ್ನು ಹಸಿಯಾಗಿ ಹೆಚ್ಚಿಡಬಹುದು. ಎರಡನೆಯ ಅನ್ನದ ಹೊತ್ತಿಗೆ ಅಪ್ಪೆಹುಳಿಯ ಲೋಟಗಳನ್ನು ಇಡಬೇಕು, ಪಾತ್ರೆಯನ್ನೂ ಕೈಗೆಟುಕುವಲ್ಲಿಯೇ ಇಡಬೇಕು. ಇದು ತಣ್ಣಗಿರುವುದರಿಂದ ಆರಿಹೋಗುವ ಭಯವಿಲ್ಲ, ಯಾರೂ ಎದ್ದುಹೋಗಿ ಬಿಸಿ ಮಾಡಬೇಕಾಗಿಲ್ಲ. ಎಲೆಯ ಮುಂದೆ ಕುಳಿತ ಮಾತು ಕಾರವಾರದ ಬಂಗಡೆ ಮೀನಿನ ದರದಿಂದ ಶಿರಸಿಯ ಅಡಕೆಯ ದರಕ್ಕೆ ಬಂದು, ಅಲ್ಲಿಂದ ಯಾರ ಮಗಳ ಮದುವೆ ಎಲ್ಲಿ ಎಂಬಲ್ಲಿಗೆ ಹೋದರೂ ಕೈ ಒಣಗುತ್ತದೆಯೇ ಹೊರತು ಅಪ್ಪೆಹುಳಿ ಕೆಡುವುದಿಲ್ಲ. ಕುಡಿದವರಿಗೆ ನಿದ್ದೆ ಬರುತ್ತದೆಂಬುದು ಊರಿನವರ ಅನುಭವದ ಮಾತು. ಆದ್ದರಿಂದ ಘಟ್ಟ ಇಳಿದು ಬೈಕಿನಲ್ಲಿ ಹೋಗಬೇಕಾದವರಿಗೆ ಮೂರನೆಯ ಲೋಟ ಕೊಡುವ ಮೊದಲು ಜಗಲಿಯಲ್ಲಿ ಒಂದು ಚಾಪೆ ಹಾಸಿಟ್ಟಿರುವುದು ಒಳ್ಳೆಯದು.

ಉಳಿದ ತಂಬುಳಿಯನ್ನು ರಾತ್ರಿಗೆ ಇಡಬೇಡಿ, ಅಷ್ಟು ಉಳಿಯುವಂತೆ ಮಾಡಲೂ ಬೇಡಿ. ಅಪ್ಪೆಹುಳಿಯಾದರೆ ತಣ್ಣನೆಯ ಜಾಗದಲ್ಲಿ ಮರುದಿನದವರೆಗೆ ಇರುತ್ತದೆ, ರುಚಿ ಇನ್ನಷ್ಟು ಕೂಡಿಕೊಂಡಿರುತ್ತದೆ. ಅದನ್ನು ಸ್ಟೀಲು, ಗಾಜು ಅಥವಾ ಪಿಂಗಾಣಿಯ ಪಾತ್ರೆಯಲ್ಲಿ ಇಡಿ. ಅಲ್ಯೂಮಿನಿಯಂ ಪಾತ್ರೆ, ಕಲಾಯಿ ಹೋದ ಹಿತ್ತಾಳೆ ಪಾತ್ರೆ ಎರಡನ್ನೂ ಹುಳಿ ತಿನ್ನುತ್ತದೆ.